ಲೀಡ್ಸ್ ಕೋರ್ಟಿನಲ್ಲಿ ಒಂದು ಧಾರೆ

ಕಡಿಯಾಳಿ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನನ್ನ ಭಾಷೆ ಬಲ್ಲವರೆಂದು ನನಗೆ ಗೊತ್ತಿದ್ದದ್ದು ಒಬ್ಬರೇ ಹೆಂಗಸು. ಸಾಕ್ಷಿ ಮುಗಿಯುವವರೆಗೆ ಅವರೊಡನೆ ಮಾತಾಡಬಾರದು ಎಂಬ ಷರತ್ತಿನ ಮೇಲೆಯೇ ನಾನು ಅಲ್ಲಿಗೆ ಹೋದದ್ದು.

ನಾನು ಉಡುಪಿಯ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಮನೆ ಕಡಿಯಾಳಿಯಲ್ಲಿ, ಒಬ್ಬಳೇ ಇರುತ್ತೇನೆ. ಊರಿನ ಪತ್ರಿಕೆಯೊಂದಕ್ಕೆ ವಾರಕ್ಕೊಮ್ಮೆ ತೀರ್ಪುಗಳ ಬಗ್ಗೆ ಬರೆಯುತ್ತೇನೆ. ಎಲ್ಲಿಯದೋ ಕೋರ್ಟು ಯಾರದೋ ಜಗಳದಲ್ಲಿ ಹೇಳಿದ ಮಾತು ಪೆರ್ಡೂರಿನ ಒಂದು ಅಡುಗೆಮನೆಯವರೆಗೆ ಹೇಗೆ ನಡೆದು ಬರುತ್ತದೆ ಎಂಬುದೇ ನನ್ನ ವಿಷಯ. ಕರಾವಳಿಯ ಮದುವೆ ಕಟ್ಟುಕಟ್ಟಳೆಗಳ ಮೇಲೆ ಕಾನೂನಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲೂ ಒಂದು ಲೇಖನ ಬರೆದಿದ್ದೆ. ಅದನ್ನು ಓದಿದ ಲೀಡ್ಸಿನ ಹೆಲೆನ್ ಎಂಬ ವಕೀಲೆ ನನ್ನನ್ನು ಹುಡುಕಿ ಫೋನ್ ಮಾಡಿದರು.

ಪ್ರಕರಣ ಹೀಗಿತ್ತು. ವಾರಿಜಾ ಎಂಬವರು ಕಾರ್ಕಳ ಕಡೆಯವರು. ಅವರ ಗಂಡ ಸದಾನಂದ ಕಾಪುವಿನವರು. ಹಡಗಿನ ಅಡುಗೆಯವರಾಗಿ ಊರು ಬಿಟ್ಟು, ಕೊನೆಗೆ ಲೀಡ್ಸಿನ ಒಂದು ಹೋಟೆಲಿನಲ್ಲಿ ನೆಲೆನಿಂತವರು. ಮಕ್ಕಳಿಲ್ಲ. ಉಯಿಲು ಬರೆಯದೆ ತೀರಿಕೊಂಡರು. ಅವರ ಹಿಂದೆ ಉಳಿದದ್ದನ್ನೆಲ್ಲ ನೋಡಿಕೊಳ್ಳುವ ಹಕ್ಕು ಯಾರದು ಎಂಬ ಪ್ರಶ್ನೆ ಎದ್ದಿತು. ಹೆಂಡತಿಯಾದ ನನ್ನದು ಎಂದರು ವಾರಿಜಾ. ನನ್ನದು ಎಂದ ಸದಾನಂದರ ತಂಗಿಯ ಮಗ ದಿನೇಶ; ಅವನು ಲಂಡನ್ನಿನಲ್ಲಿರುವವನು. ಕಾರ್ಕಳದಲ್ಲಿ ಚಪ್ಪರ ಹಾಕಿದ್ದನ್ನು, ಊಟ ಬಡಿಸಿದ್ದನ್ನು ಅವನ ವಕೀಲರು ಅಲ್ಲಗಳೆಯಲಿಲ್ಲ. ಅವರ ವಾದ ಬೇರೆ: ಅಲ್ಲಿ ನಡೆದದ್ದು ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ನೋಂದಣಿ ಆಗಿಲ್ಲ. ಅಗ್ನಿಯ ಮುಂದೆ ಏಳು ಹೆಜ್ಜೆ ಇಟ್ಟಿಲ್ಲ. ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು ಧಾರೆ ಎರೆದರು, ಅಷ್ಟೇ.

ನಮ್ಮ ಕಾನೂನು ನಮ್ಮ ಕೋರ್ಟಿನಲ್ಲಿ ಮಾತ್ರ ಕಾನೂನು. ಗಡಿ ದಾಟಿದರೆ ಅದು ಬರೀ ಒಂದು ಸಂಗತಿ. ಹಸು ಯಾರ ತೋಟಕ್ಕೆ ನುಗ್ಗಿತು ಎಂಬುದನ್ನು ಹೇಗೆ ಸಾಕ್ಷಿ ಹೇಳಿ ರುಜುವಾತು ಮಾಡಬೇಕೋ, ಹಾಗೆ ಹಿಂದೂ ವಿವಾಹ ಕಾಯ್ದೆಯನ್ನೂ ಅಲ್ಲಿ ಯಾರಾದರೂ ಕಟಕಟೆಗೆ ಹತ್ತಿ ರುಜುವಾತು ಮಾಡಬೇಕು. ಆ ಯಾರಾದರೂ ನಾನಾದೆ. ಹೆಲೆನ್ ಮೊದಲೇ ಸ್ಪಷ್ಟ ಮಾಡಿದ್ದರು: "ನಿಮ್ಮನ್ನು ಕರೆಸುತ್ತಿರುವುದು ನಾವಾದರೂ ನೀವು ನಮ್ಮವರಲ್ಲ. ತಜ್ಞ ಸಾಕ್ಷಿ ಯಾರ ಕಡೆಯವರೂ ಅಲ್ಲ. ವಾರಿಜಾ ಅವರನ್ನು ಭೇಟಿಯಾಗಬೇಡಿ."

ಯಾರ ಕಡೆಯವಳೂ ಅಲ್ಲದೆ ಇರುವುದು ನನಗೆ ಕಷ್ಟದ ಕೆಲಸವೆಂದು ಆಗ ತೋರಲಿಲ್ಲ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುತ್ತಲಿನವರೆಲ್ಲ ಯಾರನ್ನೋ ತಬ್ಬಿಕೊಂಡು ಬೀಳ್ಕೊಡುತ್ತಿದ್ದರು. ನಾನು ಟ್ರಾಲಿಯನ್ನು ತಬ್ಬಿಕೊಂಡಂತೆ ತಳ್ಳಿಕೊಂಡು ಒಳಗೆ ಹೋದೆ.

ಅತಿಥಿಗೃಹ

ಲೀಡ್ಸಿನಲ್ಲಿ ನನಗೆ ಕೋಣೆ ಗೊತ್ತು ಮಾಡಿದ್ದು ಒಂದು ಸಣ್ಣ ಅತಿಥಿಗೃಹದಲ್ಲಿ. ಅದರ ಯಜಮಾನರು ವಯಸ್ಸಾದ, ಎತ್ತರದ ಮನುಷ್ಯ. ಮೊದಲ ದಿನ ಬೆಳಿಗ್ಗೆ ಮೆಟ್ಟಿಲಿಳಿದು ಬಂದಾಗ ಅವರು "ಆಲ್ ರೈಟ್?" ಎಂದು ಕೇಳಿದರು. ಇಷ್ಟು ದೂರ ಬಂದವಳನ್ನು ಒಬ್ಬರಾದರೂ ವಿಚಾರಿಸಿದರಲ್ಲ ಎಂದು ನನಗೆ ಸಂತೋಷವಾಯಿತು. ನಿದ್ದೆ ಸರಿಯಾಗಿ ಬರಲಿಲ್ಲ, ಎಡಗಾಲು ಸ್ವಲ್ಪ ಊದಿಕೊಂಡಿದೆ, ಊರಿನಲ್ಲಾದರೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುತ್ತಿದ್ದೆ ಎಂದು ಹೇಳಲು ತೊಡಗಿದೆ. ಅವರು ಕೈಯಲ್ಲಿ ಟೋಸ್ಟಿನ ತಟ್ಟೆ ಹಿಡಿದು ನಿಂತೇ ಇದ್ದರು. ಮುಖದಲ್ಲಿ ಸೌಜನ್ಯ ಮತ್ತು ಗಾಬರಿ ಎರಡೂ ಇದ್ದವು. ಮರುದಿನ ಅವರು ಅಂಚೆಯವನಿಗೂ, ಹಾಲಿನವನಿಗೂ ಅದನ್ನೇ ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿದ್ದನ್ನು ನೋಡಿದಾಗ ನನಗೆ ವಿಷಯ ತಿಳಿಯಿತು. ಅದು ಪ್ರಶ್ನೆಯಲ್ಲ, ನಮಸ್ಕಾರ. ನಮ್ಮಲ್ಲಿ "ಊಟ ಆಯ್ತಾ" ಎಂದು ಕೇಳುವ ಹಾಗೆ. ಆದರೆ ನಮ್ಮಲ್ಲಿ ಆಗಲಿಲ್ಲ ಎಂದರೆ ಬಡಿಸುವವರೂ ಇದ್ದಾರೆ.

ಬಸ್ಸಿನಲ್ಲಿ ಇನ್ನೊಂದು. ಟಿಕೆಟ್ ಕೊಟ್ಟ ಡ್ರೈವರ್ "ಥ್ಯಾಂಕ್ಯೂ, ಲವ್" ಎಂದ. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಆ ಕಡೆಯಲ್ಲಿ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದಂತೆ. ಐವತ್ತೆಂಟು ವರ್ಷದ ಜೀವನದಲ್ಲಿ ನನ್ನನ್ನು ಹಾಗೆ ಕರೆದ ಮೊದಲ ಗಂಡಸು ಲೀಡ್ಸಿನ ಬಸ್ ಡ್ರೈವರ್. ನಾನು ಸೀಟಿನಲ್ಲಿ ಕುಳಿತು ನಗುತ್ತಿದ್ದೆ, ಯಾರಿಗಾದರೂ ಹೇಳಬೇಕೆನಿಸಿತು. ಆಫೀಸಿನ ಗುಮಾಸ್ತನಿಗೆ "ಮುಟ್ಟಿದೆ" ಎಂದು ಸಂದೇಶ ಕಳಿಸಿದ್ದೆ. ಅವನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದ. ಇದನ್ನು ಅವನಿಗೆ ಹೇಳುವ ಹಾಗಿರಲಿಲ್ಲ.

ಶುಕ್ರವಾರ

ಉಡುಪಿಯ ಕೋರ್ಟಿನ ಅಂಗಳಕ್ಕೆ ಕಾಲಿಟ್ಟರೆ ಮೊದಲು ಕೇಳುವುದು ಜನರ ಗೌಜಿ. ಕಕ್ಷಿದಾರರು ತಮ್ಮ ಎದುರಾಳಿಯ ಜೊತೆಯಲ್ಲೇ ಕುಳಿತು ಚಾ ಕುಡಿಯುತ್ತಿರುತ್ತಾರೆ. ಬೆಂಚ್ ಕ್ಲಾರ್ಕಿನ ಕೂಗು, ಟೈಪಿನ ಸದ್ದು, ಬಾದಾಮಿ ಮರದ ಕಾಗೆಗಳು. ಲೀಡ್ಸಿನ ಕೋರ್ಟಿನಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸಿತು. ಜನ ಇದ್ದರು, ಆದರೆ ಎಲ್ಲರೂ ಆಸ್ಪತ್ರೆಯಲ್ಲಿದ್ದಂತೆ ಪಿಸುಗುಟ್ಟುತ್ತಿದ್ದರು.

ಕಟಕಟೆಯ ಹತ್ತಿರ ಪರಿಚಾರಕಿಯೊಬ್ಬಳು ಬಂದು, ಯಾವ ಗ್ರಂಥದ ಮೇಲೆ ಪ್ರಮಾಣ ಮಾಡುತ್ತೀರಿ ಎಂದು ಕೇಳಿದಳು. ಬಟ್ಟೆಯ ಚೀಲದಲ್ಲಿ ಸುತ್ತಿಟ್ಟ ಭಗವದ್ಗೀತೆಯನ್ನು, ತನ್ನ ಬೆರಳು ತಾಗದ ಹಾಗೆ, ನನ್ನ ಮುಂದೆ ಹಿಡಿದಳು. ಮೂವತ್ತು ವರ್ಷಕ್ಕೂ ಹೆಚ್ಚು ವಕೀಲಿ ಮಾಡಿದ್ದೇನೆ, ನಮ್ಮ ಕೋರ್ಟಿನಲ್ಲಿ ಗೀತೆಯನ್ನು ಕಂಡದ್ದಿಲ್ಲ. ಅದು ಸಿನಿಮಾದ ಕೋರ್ಟಿನಲ್ಲಿ ಮಾತ್ರ ಇರುವ ವಸ್ತು. ನಾವು ದೇವರ ಹೆಸರು ಹೇಳಿ ಸುಮ್ಮನೆ ಕೈ ಎತ್ತುತ್ತೇವೆ. ನಿಜವಾದ ಗೀತೆಯ ಮೇಲೆ ಕೈಯಿಟ್ಟು ಸತ್ಯವನ್ನೇ ಹೇಳುತ್ತೇನೆಂದು ನಾನು ಮೊದಲ ಸಲ ಹೇಳಿದ್ದು ಇಂಗ್ಲೆಂಡಿನಲ್ಲಿ.

ಅಲ್ಲಿಂದ ವಾರಿಜಾ ಅವರನ್ನು ಮೊದಲ ಬಾರಿಗೆ ನೋಡಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ನೂಲಿನ ಸೀರೆ, ಮೇಲೆ ದಪ್ಪ ಕಂದು ಸ್ವೆಟರ್, ಕಾಲಿಗೆ ಉಣ್ಣೆಯ ಕಾಲುಚೀಲ ಮತ್ತು ಶೂ. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಹತ್ತಿರ ಕುಳಿತು "ಸ್ವಲ್ಪ ಬ್ಯಾಗ್ ನೋಡಿಕೊಳ್ಳಿ" ಎನ್ನುವ ಹೆಂಗಸಿನ ಮುಖ. ಇನ್ನೊಂದು ತುದಿಯಲ್ಲಿ ದಿನೇಶ, ನಲವತ್ತರ ಆಸುಪಾಸಿನವನು, ಕೋಟಿನ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ ಕುಳಿತಿದ್ದ. ಅವನಿಗೂ ಜೊತೆಗೆ ಯಾರೂ ಬಂದಿರಲಿಲ್ಲ.

ಮುಖ್ಯ ವಿಚಾರಣೆ ಬೇಗ ಮುಗಿಯಿತು. ದಿನೇಶನ ಪರ ವಕೀಲರು ಪಾಟಿ ಸವಾಲಿಗೆ ಎದ್ದು ನಿಂತು ನಾಲ್ಕಾರು ಪ್ರಶ್ನೆ ಕೇಳುವಷ್ಟರಲ್ಲಿ ದಿನದ ಕಲಾಪ ಮುಗಿಯುವ ಹೊತ್ತಾಯಿತು. ನ್ಯಾಯಾಧೀಶರು ಬಿಳಿ ಹುಬ್ಬಿನ, ಮೆಲುದನಿಯ ಮನುಷ್ಯ. ನನ್ನತ್ತ ತಿರುಗಿ, ಸೋಮವಾರ ಮುಂದುವರಿಸೋಣ, ಅಷ್ಟರವರೆಗೆ ನಿಮ್ಮ ಸಾಕ್ಷ್ಯದ ಬಗ್ಗೆ ಯಾರೊಡನೆಯೂ ಮಾತಾಡಬಾರದು ಎಂದರು. ಈ ಎಚ್ಚರಿಕೆಯನ್ನು ನಾನೇ ಎಷ್ಟೋ ಸಾಕ್ಷಿಗಳಿಗೆ ಕೊಟ್ಟಿದ್ದೇನೆ. ಆ ಸಾಕ್ಷಿಗಳು ಆಮೇಲೆ ಮನೆಗೆ ಹೋಗುತ್ತಿದ್ದರು, ಅಲ್ಲಿ ಬೇರೆ ಮಾತಾಡಲಿಕ್ಕೆ ಯಾರಾದರೂ ಇರುತ್ತಿದ್ದರು ಎಂಬುದು ಆಗ ಹೊಳೆದಿರಲಿಲ್ಲ.

ಹೆಲೆನ್ ಸಹ ದೂರದಿಂದಲೇ ಕೈ ಬೀಸಿ ಹೊರಟುಹೋದರು. ಹೊರಗೆ ನಾಲ್ಕೂವರೆಗೇ ಕತ್ತಲಾಗಿತ್ತು.

ಶನಿವಾರ

ಲೀಡ್ಸಿನಲ್ಲಿ ಒಂದು ದೊಡ್ಡ ಹಳೆಯ ಮಾರುಕಟ್ಟೆ ಇದೆ, ಗಾಜಿನ ಮಾಡು ಹೊದಿಸಿದ್ದು. ಹೊತ್ತು ಕಳೆಯಲು ಅಲ್ಲಿಗೆ ಹೋದೆ. ಮೀನಿನ ಸಾಲಿಗೆ ಹೋದಾಗ ಕಾಲು ತಾನೇ ನಿಧಾನವಾಯಿತು. ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ ಮೀನುಗಳ ನಡುವೆ ನಮ್ಮ ಬಂಗುಡೆಯ ದೂರದ ದಾಯಾದಿಯೊಂದು ಇತ್ತು. ಮೈಮೇಲೆ ಪಟ್ಟೆ ಹೆಚ್ಚು, ಕಣ್ಣು ಅದೇ. ಮಾರುವವನು ಗಂಡಸು, ಚೌಕಾಸಿ ಇಲ್ಲ, ಬೈಗುಳವೂ ಇಲ್ಲ. ಕಾಪುವಿನ ಹೆಂಗಸರು ಬುಟ್ಟಿಯ ಹಿಂದೆ ಕುಳಿತು ಮಾಡುವ ವ್ಯಾಪಾರದ ಅರ್ಧ ರುಚಿ ಇಲ್ಲಿಲ್ಲ ಎಂದುಕೊಳ್ಳುತ್ತಿದ್ದೆ.

"ನಮಸ್ಕಾರ. ಎಂಚ ಉಲ್ಲರ್?"

ಹೇಗಿದ್ದೀರಿ ಎಂದು ತುಳುವಿನಲ್ಲಿ ಕೇಳಿದ ಆ ದನಿ ನನ್ನ ಎಡಗಡೆಯಿಂದ ಬಂತು. ವಾರಿಜಾ. ಕೈಯಲ್ಲಿ ಮೀನಿನ ಪೊಟ್ಟಣ. ಮುಖದಲ್ಲಿ, ಊರಿನವರು ಊರಿನವರನ್ನು ಕಂಡಾಗ ಇರುವ ನಗು, ಬೇರೆ ಏನೂ ಇಲ್ಲ.

ಮೂರು ದಿನಗಳಿಂದ ನನ್ನ ಭಾಷೆಯ ಒಂದು ಶಬ್ದ ನನ್ನ ಕಿವಿಗೆ ಬಿದ್ದಿರಲಿಲ್ಲ. ಉತ್ತರ ಬಾಯಿಯವರೆಗೆ ಬಂದಿತ್ತು. ಆದರೆ ನನಗೆ ಕಂಡದ್ದು ಸೋಮವಾರದ ಕಟಕಟೆ. ನೀವು ವಾರಾಂತ್ಯದಲ್ಲಿ ವಾದಿಯನ್ನು ಭೇಟಿಯಾದಿರಾ, ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಮಾತಾಡಿದಿರಾ ಎಂದು ಕೇಳಿದರೆ ನಾನು ಹೌದು ಎನ್ನಬೇಕು. ಆಮೇಲೆ ಏನು ಮಾತಾಡಿದೆವೆಂದು ಯಾರು ನಂಬಬೇಕು? ಅವರ ಪ್ರಕರಣವನ್ನು ಅವರ ಒಂದು ಕುಶಲಪ್ರಶ್ನೆಯೇ ಕೆಡಿಸಬಹುದು. ನಾನು ಮುಖ ತಿರುಗಿಸಿದೆ. ಬಂಗುಡೆಯನ್ನು ನೋಡಿದೆ. ಮತ್ತೆ ನಡೆದೆ, ನಡೆದೆ ಎನ್ನುವುದಕ್ಕಿಂತ ಜನರ ನಡುವೆ ತೂರಿಕೊಂಡು ಓಡಿದೆ.

ಹೊರಗೆ ಬಂದು ಒಂದು ಬಟ್ಟೆ ಅಂಗಡಿಯ ಗಾಜಿನ ಮುಂದೆ ನಿಂತೆ. ನಮ್ಮೂರಿನಲ್ಲಿ ಕೋರ್ಟಿನಲ್ಲಿ ಹೊಡೆದಾಡುವ ಅಣ್ಣತಮ್ಮಂದಿರು ಕೂಡ ದಾರಿಯಲ್ಲಿ ಎದುರಾದರೆ "ಎಲ್ಲಿಗೆ?" ಎಂದು ಕೇಳುತ್ತಾರೆ. ಗಂಡ ಸತ್ತ ಹೆಂಗಸೊಬ್ಬಳು ಪರದೇಶದ ಮೀನಿನಂಗಡಿಯಲ್ಲಿ ನಮಸ್ಕಾರ ಎಂದರೆ ನಾನು ಬೆನ್ನು ತೋರಿಸಿದ್ದೆ. ಕಾನೂನಿನ ಪ್ರಕಾರ ಸರಿ ಎಂದು ನನಗೇ ಸಮಾಧಾನ ಹೇಳಿಕೊಂಡೆ.

ಆದಿತ್ಯವಾರ

ಕೋಣೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆ ಎನಿಸಿ ಸಮುದ್ರ ಇರುವ ಊರಿಗೆ ರೈಲು ಹತ್ತಿದೆ. ಸ್ಕಾರ್‌ಬರೊ ಎಂದು ಅದರ ಹೆಸರು. ರೈಲಿನಲ್ಲಿ ಪ್ರತಿಯೊಬ್ಬರೂ ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡಿದ್ದರು, ಯಾರೂ ಬಂದು ಕೂರದಿರಲಿ ಎಂದು. ಉಡುಪಿಯ ಸರ್ವಿಸ್ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದು "ಸ್ವಲ್ಪ ಆಚೆ" ಎಂದಾಗ ನಾನು ಎಷ್ಟೋ ಸಲ ಮುಖ ಗಂಟಿಕ್ಕಿದ್ದುಂಟು. ಆ ದಿನ ಯಾರಾದರೂ ಆಚೆ ಸರಿಯಿರಿ ಎಂದಿದ್ದರೆ ಚೆನ್ನಾಗಿತ್ತು.

ಬೂದು ಬಣ್ಣದ ಸಮುದ್ರ. ಅಲ್ಲಿಯೂ ಒಂದು ದೀಪಸ್ತಂಭ ಇತ್ತು, ಬಂದರಿನ ಗೋಡೆಯ ಮೇಲೆ. ಕಾಪುವಿನ ಬಂಡೆಯ ಮೇಲಿನದಕ್ಕೆ ಹೋಲಿಸಿದರೆ ಮಗುವಿನ ಹಾಗೆ. ಸಮುದ್ರದ ವಾಸನೆ ಬರುತ್ತದೆಂದು ಉಸಿರೆಳೆದೆ. ಚಳಿ ಮಾತ್ರ ಬಂತು. ಕಡಲ ಹಕ್ಕಿಯೊಂದು ನಾನು ಕೊಂಡ ಕರಿದ ಮೀನಿನ ತುಂಡನ್ನು ಕೈಯಿಂದಲೇ ಕಿತ್ತುಕೊಂಡು ಹಾರಿತು. ಕಾಗೆಗಳಿಗೆ ಹೆದರಿ ಕೈ ಮುಚ್ಚಿ ತಿನ್ನಲು ಬಾಲ್ಯದಲ್ಲೇ ಕಲಿತವಳು ನಾನು. ಆದರೆ ಅಷ್ಟು ದೊಡ್ಡ ಕಳ್ಳನನ್ನು ನೋಡಿರಲಿಲ್ಲ.

ತೀರದುದ್ದಕ್ಕೂ ಬೆಂಚುಗಳು. ಪ್ರತಿ ಬೆಂಚಿನ ಬೆನ್ನಿಗೂ ಹಿತ್ತಾಳೆಯ ಸಣ್ಣ ಫಲಕ, ಅದರಲ್ಲಿ ಸತ್ತವರ ಹೆಸರು. ಈ ಜಾಗವನ್ನು ಪ್ರೀತಿಸಿದ ಇಂಥವರ ನೆನಪಿಗೆ, ಎಂದು. ನಮ್ಮಲ್ಲಿಯೂ ದಾನ ಕೊಟ್ಟವರ ಹೆಸರು ಬರೆಸುತ್ತಾರೆ, ಆದರೆ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ, ತಿರುಗುವಾಗ ಓದಲಿಕ್ಕಾಗದ ಹಾಗೆ. ಇಲ್ಲಿ ಸತ್ತವರ ಹೆಸರಿಗೆ ಒರಗಿ ಕುಳಿತು ಜನ ಸಮುದ್ರ ನೋಡುತ್ತಾರೆ. ನಾನೂ ಒಬ್ಬಳ ಹೆಸರಿಗೆ ಒರಗಿ ಕುಳಿತೆ.

ಬೆಂಚಿನ ಇನ್ನೊಂದು ತುದಿಗೆ ಒಬ್ಬ ಮುದುಕಿ ಬಂದು ಕುಳಿತಳು. ನಮ್ಮ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಬಹಳ ಹೊತ್ತಿನ ಮೇಲೆ, "ಒಬ್ಬಳೇ ಬಂದೆಯಾ, ಲವ್?" ಎಂದು ಕೇಳಿದಳು.

"ಹೌದು," ಎಂದೆ.

"ನಾನೂ," ಎಂದಳು. ಅಷ್ಟೇ ಮಾತು. ಆಮೇಲೆ ಅವಳು ಚೀಲದಿಂದ ಬಿಸ್ಕೆಟ್ ತೆಗೆದು, ನಡುವಿನ ಖಾಲಿ ಜಾಗದ ಮೇಲೆ ಒಂದನ್ನು ಕರವಸ್ತ್ರದಲ್ಲಿ ಇಟ್ಟು ನನ್ನತ್ತ ಸರಿಸಿದಳು. ತಿಂದೆ. ಅವಳೊಡನೆ ಮಾತಾಡಲು ಯಾವ ಕೋರ್ಟಿನ ತಡೆಯೂ ಇರಲಿಲ್ಲ. ಆದರೆ ಏನು ಮಾತಾಡುವುದೆಂದು ನನಗೆ ತಿಳಿಯಲಿಲ್ಲ.

ಸೋಮವಾರ

ಕಲಾಪ ಶುರುವಾದ ಕೂಡಲೇ ನಾನೇ ಹೇಳಿದೆ: "ಸ್ವಾಮಿ, ಶನಿವಾರ ಮಾರುಕಟ್ಟೆಯಲ್ಲಿ ವಾದಿ ನನಗೆ ಎದುರಾದರು. ಹೇಗಿದ್ದೀರಿ ಎಂದು ನಮ್ಮ ಭಾಷೆಯಲ್ಲಿ ಕೇಳಿದರು. ನಾನು ಉತ್ತರ ಕೊಡದೆ ಹೊರಟುಹೋದೆ. ಇದು ದಾಖಲಾಗಲಿ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ಚೆನ್ನಾಗಿದ್ದೇನೆ ಎಂದು ನೀವು ಹೇಳಬಹುದಿತ್ತು," ಎಂದರು. "ಅದಕ್ಕೆ ನನ್ನ ಅಡ್ಡಿ ಇರಲಿಲ್ಲ."

ಹಿಂದಿನ ಸಾಲನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಪಾಟಿ ಸವಾಲು ಮುಂದುವರಿಯಿತು. ದಿನೇಶನ ವಕೀಲರು ಬಹಳ ವಿನಯದವರು. ಪ್ರತಿಯೊಂದು ಉತ್ತರಕ್ಕೂ "ನಾನು ಕೃತಜ್ಞ" ಎಂದು ತಲೆಬಾಗಿ, ಆಮೇಲೆ ಚೂರಿ ಹಾಕುತ್ತಿದ್ದರು.

"ಸಪ್ತಪದಿ ಮುಂತಾದ ಆಚರಣೆ ನಡೆಯದಿದ್ದರೆ ಹಿಂದೂ ಮದುವೆ ಆಗುವುದಿಲ್ಲ ಎಂಬ ಅರ್ಥದ ಮಾತನ್ನು ನಿಮ್ಮ ದೇಶದ ನ್ಯಾಯಾಲಯಗಳು ಹೇಳಿವೆ, ಅಲ್ಲವೇ?"

"ಹೇಳಿವೆ. ಆದರೆ ಯಾವ ಮದುವೆಯ ವಿಷಯದಲ್ಲಿ ಹೇಳಿದವು ಎಂಬುದನ್ನೂ ನೋಡಬೇಕು. ಏನೂ ಆಚರಣೆ ಮಾಡದೆ ಕಾಗದ ಮಾತ್ರ ಮಾಡಿಸಿಕೊಂಡವರ ಬಗ್ಗೆ ಆಡಿದ ಮಾತನ್ನು, ಆಚರಣೆ ಮಾಡಿ ಕಾಗದ ಮಾತ್ರ ಮಾಡಿಸದವರ ತಲೆಗೆ ಕಟ್ಟಲಾಗದು. ಕಾಯ್ದೆಯ ಏಳನೆಯ ಕಲಂ ಹೇಳುವುದು ಎರಡು ಸಂಗತಿ. ಇಬ್ಬರಲ್ಲಿ ಒಬ್ಬರ ಕಡೆಯ ಪದ್ಧತಿಯಂತೆ ಮದುವೆ ನಡೆಯಬಹುದು. ಆ ಪದ್ಧತಿಯಲ್ಲಿ ಸಪ್ತಪದಿ ಇದ್ದಲ್ಲಿ, ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಇದ್ದಲ್ಲಿ."

"ಆ ಒಂದು ಶಬ್ದದ ಮೇಲೆ ನಿಮ್ಮ ಇಡೀ ಅಭಿಪ್ರಾಯ ನಿಂತಿದೆ?"

"ಹೌದು. ನಮ್ಮ ಕರಾವಳಿಯ ಎಷ್ಟೋ ಮನೆಗಳೂ ಅದರ ಮೇಲೆಯೇ ನಿಂತಿವೆ."

ದಿನೇಶ ತಲೆ ತಗ್ಗಿಸಿದ್ದು ಕಂಡಿತು. ಯಾಕೆಂದು ಆಗ ತಿಳಿಯಲಿಲ್ಲ.

ನ್ಯಾಯಾಧೀಶರೇ ಕೇಳಿದರು, "ಹಾಗಾದರೆ ಈ ಪದ್ಧತಿಯಲ್ಲಿ ಇಬ್ಬರು ಗಂಡಹೆಂಡಿರಾಗುವುದು ಯಾವ ಕ್ಷಣಕ್ಕೆ?"

ನಾನು ಹೇಳತೊಡಗಿದೆ. ಹುಡುಗಿಯ ಸೋದರಮಾವ ಅವಳ ಕೈಯನ್ನು ಹುಡುಗನ ಕೈಯೊಳಗಿಡುತ್ತಾನೆ. ಮನೆಯ ಹಿರಿಯರು ಸೊಂಡಿಲಿನಂಥ ಕೊಂಬಿರುವ ಗಿಂಡಿಯಿಂದ ಆ ಕೈಗಳ ಮೇಲೆ ನೀರು ಬಿಡುತ್ತಾರೆ. ಗಿಂಡಿಗೆ ಕೈ ಎಟುಕದವರು ಎಟುಕಿದವರ ಭುಜ ಮುಟ್ಟುತ್ತಾರೆ, ಅವರ ಹಿಂದಿನವರು ಇವರ ಭುಜವನ್ನು. ಒಂದು ಮನೆಯಷ್ಟು ಜನ ಸೇರಿ ಒಂದು ಗಿಂಡಿ ಹಿಡಿದಂತೆ. ಆ ನೀರು ಇಬ್ಬರ ಕೈಯಿಂದ ಇಳಿದು ಕೆಳಗಿನ ಹರಿವಾಣಕ್ಕೆ ಬಿದ್ದಾಗ ಮದುವೆಯಾಯಿತು. ಆಮೇಲೆ ಯಾರೂ ಮದುವೆ ಆಗಲಿಲ್ಲ ಎನ್ನುವಂತಿಲ್ಲ. ಹುಡುಗನೇ ಎದ್ದು ಓಡಿದರೂ.

ಕೋರ್ಟಿನಲ್ಲಿ ಯಾರೋ ಮೆಲ್ಲಗೆ ನಕ್ಕರು.

"ನೀವು ಈ ರೀತಿಯಲ್ಲಿ ಮದುವೆಯಾದವರೇ?" ವಕೀಲರು ಕೇಳಿದರು.

"ಇಲ್ಲ. ನನಗೆ ಮದುವೆಯಾಗಿಲ್ಲ."

"ಹಾಗಾದರೆ ನಿಮಗೆ ಇದು ಪುಸ್ತಕದಿಂದ ಗೊತ್ತು."

ನನ್ನ ಮದುವೆ ಆಗದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಬಂದ ಸಂಬಂಧಗಳು ಕೂಡಿಬರಲಿಲ್ಲ, ಆಮೇಲೆ ಬರುವುದೂ ನಿಂತಿತು. ಆದರೆ ಅದನ್ನು ಅಷ್ಟು ದೂರದ ಊರಿನಲ್ಲಿ, ಅಷ್ಟು ಜನ ಕೇಳುವಂತೆ, ಗೀತೆಯ ಮೇಲೆ ಆಣೆಯಿಟ್ಟು ಹೇಳಬೇಕಾಗಬಹುದೆಂದು ಎಣಿಸಿರಲಿಲ್ಲ.

"ಪುಸ್ತಕದಿಂದ ಅಲ್ಲ," ಎಂದೆ. "ನಮ್ಮಲ್ಲಿ ಮದುವೆಯಾದವರು ತಮ್ಮ ಧಾರೆಯನ್ನು ಸರಿಯಾಗಿ ನೋಡಿರುವುದಿಲ್ಲ, ಅವರು ತಲೆ ತಗ್ಗಿಸಿರುತ್ತಾರೆ. ನಾನು ಅಕ್ಕನ, ತಂಗಿಯರ, ಅವರ ಮಕ್ಕಳ ಮದುವೆಗಳಲ್ಲಿ ಮದುಮಗಳ ಪಕ್ಕ ನಿಂತು ಸೆರಗು ಸರಿಮಾಡಿದವಳು. ನಾನು ನೋಡಿದ್ದೇನೆ."

ವಕೀಲರು ತಲೆಬಾಗಿ, "ನಾನು ಕೃತಜ್ಞ," ಎಂದು ಕುಳಿತರು. ಈ ಬಾರಿ ಚೂರಿ ಬರಲಿಲ್ಲ.

ವಾರಿಜಕ್ಕನ ಮನೆ

ಹೊರಗಿನ ಹಾದಿಯಲ್ಲಿ ವಾರಿಜಾ ಕಾದಿದ್ದರು. ಈಗ ಮಾತಾಡಬಹುದು ಎಂದು ಹೆಲೆನ್ ಕಣ್ಣಿನಲ್ಲೇ ಹೇಳಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದು, "ಬಲೆ, ಇಲ್ಲಡೆ ಪೋಯಿ," ಎಂದರು. ಬನ್ನಿ, ಮನೆಗೆ ಹೋಗುವ.

ಕೆಂಪು ಇಟ್ಟಿಗೆಯ ಉದ್ದ ಸಾಲಿನಲ್ಲಿ ಒಂದು ಸಣ್ಣ ಮನೆ. ಒಳಗೆ ಕಾಲಿಟ್ಟರೆ ಹುಣಸೆಹುಳಿ, ಮೆಣಸು ಕುದಿಯುವ ವಾಸನೆ. ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ ಬಡಿಸಿದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶನಿವಾರ ನನ್ನಿಂದ ತಪ್ಪಾಯಿತು ವಾರಿಜಕ್ಕ."

"ಎಂತ ತಪ್ಪು? ಹೆಲೆನ್ ನನಗೂ ಹೇಳಿದ್ದರು, ಮಾತಾಡಬೇಡಿ ಅಂತ. ನಿಮ್ಮನ್ನು ಕಂಡಾಗ ಮರೆತೇ ಹೋಯಿತು. ಇಲ್ಲಿ ತುಳು ಮಾತಾಡಲಿಕ್ಕೆ ಯಾರುಂಟು ಹೇಳಿ. ಅವರು ಹೋದ ಮೇಲೆ ನಾನು ತುಳುವಿನಲ್ಲಿ ಮಾತಾಡುವುದು ಒಲೆಯ ಹತ್ತಿರ ಮಾತ್ರ."

ನಾನು ಗಂಜಿ ಉಂಡೆ. ಅವರು ಎರಡನೆಯ ಮೀನು ಹಾಕಿದರು.

"ಈ ಮನೆ ಹೋಗುತ್ತದೆ ಅಂತ ನನಗೆ ಹೆದರಿಕೆ ಇಲ್ಲ ಮೇಡಂ," ಎಂದರು. "ಶಾಲೆಯ ಅಡುಗೆಮನೆಯಲ್ಲಿ ಕೆಲಸ ಉಂಟು, ಎಲ್ಲಾದರೂ ಒಂದು ಕೋಣೆ ಸಿಗುತ್ತದೆ. ನನಗೆ ಬೇಕಾದದ್ದು ಅವರ ಅಸ್ಥಿ."

ನನಗೆ ಕೊಟ್ಟಿದ್ದ ಕಾಗದಗಳಲ್ಲಿ ಬರೀ ಕಾನೂನಿನ ಪ್ರಶ್ನೆಗಳಿದ್ದವು. ಈ ವಿಷಯ ನಾನು ಕೇಳಿರಲೇ ಇಲ್ಲ.

"ಅವರು ಹೋದಾಗ ನನಗೆ ತಲೆಯೇ ಓಡಲಿಲ್ಲ. ದಿನೇಶ ಬಂದು ಎಲ್ಲ ಮಾಡಿದ. ಒಳ್ಳೆಯ ಹುಡುಗ, ನಾನೇ ಎತ್ತಿ ಆಡಿಸಿದವನು. ಸುಟ್ಟ ಮೇಲೆ ಅಸ್ಥಿ ನಾನು ಊರಿಗೆ ಕೊಂಡುಹೋಗುತ್ತೇನೆ ಅಂದ. ಮಾವನ ಕೆಲಸ ತಂಗಿಯ ಮಗನಾದ ಅಳಿಯನೇ ಮಾಡಬೇಕು, ನಮ್ಮ ಕಟ್ಟು ಹಾಗೆ ಅಲ್ವಾ ಅಂದ. ನಾನು ಕೊಂಡುಹೋಗುತ್ತೇನೆ ಅಂದೆ. ಮಾತಿಗೆ ಮಾತು ಬೆಳೆಯಿತು. ಸುಟ್ಟ ಜಾಗದವರ ಹತ್ತಿರ ಹೋದರೆ ಅವರು, ನೀವು ಯಾರು, ಮದುವೆಯ ಕಾಗದ ತನ್ನಿ ಅಂದರು. ನನ್ನ ಹತ್ತಿರ ಎಲ್ಲಿಂದ? ಈಗ ಅವರು ಅಲ್ಲೇ ಒಂದು ಡಬ್ಬದಲ್ಲಿ ಇದ್ದಾರೆ. ಯಾರಿಗೂ ಕೊಡುವುದಿಲ್ಲವಂತೆ, ಕೋರ್ಟು ಹೇಳುವವರೆಗೆ."

"ನೀವು ಹೆಂಡತಿಯೇ ಅಲ್ಲ ಎಂದು ದಿನೇಶ ಹೇಗೆ ಹೇಳಿದ?"

"ಅವನು ಹೇಳಿದ್ದಲ್ಲ. ಅದು ಅವನ ವಕೀಲರಿಗೆ ಸಿಕ್ಕಿದ್ದು. ಅವನು ಬೇಡ ಅನ್ನಲಿಲ್ಲ, ಅಷ್ಟೇ." ಮೀನಿನ ಪಾತ್ರೆಗೆ ಮುಚ್ಚಳ ಹಾಕಿ ಹೇಳಿದರು, "ಅವನ ಅಮ್ಮನ ಧಾರೆಯೂ ಅದೇ ದಿನ, ಅದೇ ಚಪ್ಪರದಲ್ಲಿ ಆದದ್ದು. ಅಣ್ಣನಿಗೆ ನಾನು, ತಂಗಿಗೆ ನನ್ನ ದೊಡ್ಡಪ್ಪನ ಮಗ. ನೀವು ಇವತ್ತು ಹೇಳಿದಿರಲ್ಲ, ಎಷ್ಟೋ ಮನೆ ನಿಂತಿದೆ ಅಂತ. ಆಗ ಅವನಿಗೆ ಗೊತ್ತಾಗಿರಬೇಕು."

ತೀರ್ಪು

ಊರಿಗೆ ಬಂದು ಕೆಲವು ವಾರಗಳಾದ ಮೇಲೆ ತೀರ್ಪು ಬಂತು. ಬಾರ್ ಅಸೋಸಿಯೇಶನ್ನಿನ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಓದಿದೆ. ಆ ಸಮುದಾಯದ ಪದ್ಧತಿಯಂತೆ ಧಾರೆ ನಡೆದಿದೆ, ಆ ಪದ್ಧತಿಯಲ್ಲಿ ಸಪ್ತಪದಿ ಇಲ್ಲ, ಭಾರತದ ಕಾನೂನಿನಂತೆ ಅದು ಸಂಪೂರ್ಣ ಮದುವೆ, ವಾರಿಜಾ ಸದಾನಂದರ ಹೆಂಡತಿ. ಅವರಿಗೆ ಫೋನ್ ಮಾಡಿದೆ. "ನೀವು ಗೆದ್ದಿರಿ ಅಂತ ಎಲ್ಲರೂ ಅನ್ನುತ್ತಾರೆ ಮೇಡಂ. ಈಗ ನನಗೆ ಅಳಲಿಕ್ಕೆ ಪುರುಸೊತ್ತು ಸಿಕ್ಕಿತು," ಎಂದರು.

ಆ ವಾರ ನನ್ನ ಅಂಕಣದಲ್ಲಿ ಹೆಸರು ಹೇಳದೆ ಇದನ್ನೇ ಬರೆದೆ. ತೀರ್ಪು ಎಂಬುದು ಎರಡೂ ಕಡೆ ಹರಿತವಿರುವ ಕತ್ತಿ. ಧಾರೆಯೇ ಮದುವೆ, ಕಾಗದ ಅಲ್ಲ ಎಂಬ ಮಾತು ವಾರಿಜಕ್ಕನನ್ನು ಉಳಿಸಿತು. ಅದೇ ಮಾತು, ವೀಸಾಕ್ಕಾಗಿ ನೋಂದಣಿ ಮಾತ್ರ ಮಾಡಿಸಿ, ಧಾರೆಯನ್ನು ಮುಂದಿನ ರಜೆಗೆ ಇಟ್ಟುಕೊಂಡ ಮಣಿಪಾಲದ ಹುಡುಗಿಯನ್ನು ನಡುನೀರಿನಲ್ಲಿ ಬಿಡಬಹುದು. ಹಾಗಾಗಿ ಧಾರೆಯೂ ಆಗಲಿ, ನೋಂದಣಿಯೂ ಆಗಲಿ, ಹಳೆಯ ಮದುವೆಗಳನ್ನೂ ನೋಂದಾಯಿಸಲು ಬರುತ್ತದೆ ಎಂದು ಬರೆದೆ.

ನನ್ನ ಅಂಕಣಗಳನ್ನು ಓದಿ ಯಾರಾದರೂ ಏನಾದರೂ ಮಾಡುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಈ ಸಲ ಪೆರ್ಡೂರಿನಿಂದ ಎಪ್ಪತ್ತು ದಾಟಿದ ಜೋಡಿಯೊಂದು ಆಫೀಸಿಗೆ ಬಂತು. ಮಗಳು ಮಸ್ಕತ್ತಿನಲ್ಲಿದ್ದಾಳೆ, ಅವಳೇ ಕಳಿಸಿದ್ದು. ಅರ್ಜಿ ಸಿದ್ಧ ಮಾಡುವಾಗ ಮುದುಕ ನನ್ನತ್ತ ಬಾಗಿ ಕೇಳಿದರು, "ಅಲ್ಲ ಮೇಡಂ, ಅಲ್ಲಿ ಆಫೀಸಿನವರು ಒಪ್ಪಿಗೆ ಉಂಟಾ ಅಂತ ಕೇಳಿದಾಗ ಇವಳು ಬೇಡ ಅಂದರೆ ಎಂತ ಮಾಡುವುದು?"

ಮುದುಕಿ ಕಿಟಕಿಯ ಹೊರಗೆ ನೋಡುತ್ತ, "ಕೇಳಲಿ, ಆಮೇಲೆ ನೋಡುವ," ಎಂದರು.

ಉದ್ಯಾವರ

ವಾರಿಜಕ್ಕ ಅಸ್ಥಿ ತೆಗೆದುಕೊಂಡು ಬಂದರು. ಉದ್ಯಾವರದ ಹೊಳೆ ಸಮುದ್ರಕ್ಕೆ ಸೇರುವ ಕಡೆ ಬಿಡುವುದೆಂದು ಮಾಡಿದ್ದರು. ನನ್ನನ್ನೂ ಬರಹೇಳಿದ್ದರು. ಬೆಳಿಗ್ಗೆ ಹೊಳೆಯ ದಡಕ್ಕೆ ಹೋದರೆ ಅಲ್ಲಿ ದಿನೇಶನೂ ಇದ್ದ, ಬಿಳಿ ಪಂಚೆ ಉಟ್ಟು, ಲಂಡನ್ನಿನ ಚಳಿಗೆ ಬಿಳಿಚಿದ ಕಾಲು ತೋರಿಸಿಕೊಂಡು. ವಾರಿಜಕ್ಕನೇ ಅವನಿಗೆ ಟಿಕೆಟ್ ಮಾಡಲು ಹೇಳಿದ್ದರಂತೆ. ನನ್ನನ್ನು ನೋಡಿ ಕೈಮುಗಿದ. ನಾನೂ ಮುಗಿದೆ.

ದರ್ಭೆ ಹಂಚುತ್ತಿದ್ದ ಪುರೋಹಿತರು ತಲೆಯೆತ್ತದೆ ಕೇಳಿದರು, "ಕರ್ತರು ಯಾರು?"

"ನಾನು, ಅಳಿಯ," ಎಂದ ದಿನೇಶ. "ಆದರೆ ಅಸ್ಥಿ ಇವರ ಕೈಯಲ್ಲಿ ಬಿಡಿಸಿ."

"ಇವರು?"

"ಮಾಮಿ." ಅವನು ಪಂಚೆಯ ಅಂಚು ಸರಿಮಾಡಿಕೊಂಡ. "ನನ್ನ ಮಾವನ ಹೆಂಡತಿ."

"ಆಯ್ತು, ಪೂರ್ವಕ್ಕೆ ತಿರುಗಿ ಅಮ್ಮ," ಎಂದರು ಪುರೋಹಿತರು. ವಾರಿಜಕ್ಕ ತಿರುಗಿದರು.

ಆಮೇಲೆ ಪುರೋಹಿತರ ಕಣ್ಣು ನನ್ನ ಮೇಲೆ ಬಿತ್ತು. "ನೀವು ಇವರಿಗೆ ಏನಾಗಬೇಕು?"

ನಾನು ಏನೂ ಆಗಬೇಕಾದವಳಲ್ಲ ಎಂದೆ. ಅದು ನಿಜವೇ ಆಗಿತ್ತು. ವಾರಿಜಕ್ಕ ಏನೋ ಹೇಳಲು ಹೊರಟರು, ಅಷ್ಟರಲ್ಲಿ ದೋಣಿಯವನು ಇಳಿತ ಶುರುವಾಗುತ್ತದೆ, ಬೇಗ ಹತ್ತಿ ಎಂದು ಕರೆದ. ಸಣ್ಣ ದೋಣಿ, ಅವನಲ್ಲದೆ ಮೂವರಿಗೆ ಜಾಗ. ಪುರೋಹಿತರೂ ವಾರಿಜಕ್ಕನೂ ದಿನೇಶನೂ ಹತ್ತಿದರು. ಹರಿಯುವ ನೀರಿನ ನಡುವೆ ದೋಣಿ ಅಳಿವೆಯ ಕಡೆಗೆ ಸಾಗಿತು. ನಾಯಿಯೊಂದು ಬಂದು ಮೂಸತೊಡಗಿದಾಗ ನಾನು ಅದನ್ನು ಅಟ್ಟಿ, ದಡದಲ್ಲಿ ಅವರು ಬಿಟ್ಟುಹೋದ ಮೂರು ಜೊತೆ ಚಪ್ಪಲಿಗಳನ್ನು ಒಟ್ಟಿಗೆ ಸೇರಿಸಿಟ್ಟು ಕಾಯುತ್ತ ನಿಂತೆ.